ಆಟಕ್ಕೊಂದು ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ನಾಲ್ಕು ಮಾತು



ಆಟ ಆಡುವುದಕ್ಕೆಂದು ಲ್ಯಾಪ್‌ಟಾಪ್ ಕೊಳ್ಳುವ ವಿಷಯದಲ್ಲಿ ಮೇಷ್ಟ್ರೊಬ್ಬರು ಭಾಷಣ ಮಾಡಲು ಬಂದಿದ್ದಾರೆ ಎಂದರೆ ನಿಮಗೆ ಆಶ್ಚರ್ಯವಾದೀತು. ನಿಮ್ಮ ಪಕ್ಕದಲ್ಲಿ ಕುಳಿತಿರುವ ತಂದೆ ತಾಯಿಗಳಿಗೆ ಸ್ವಲ್ಪ ಕೋಪವೂ ಬಂದೀತು. "ಓದುವ ಮಕ್ಕಳಿಗೆ ಇದೆಂಥ ಪಾಠ?" ಎಂದು ಅವರು ಕೇಳಬಹುದು. ಅವರೂ ಜೊತೆಯಲ್ಲೇ ಕುಳಿತು ಕೇಳಲಿ ಎಂಬುದು ನನ್ನ ಆಸೆ. ಏಕೆಂದರೆ ಈ ವಸ್ತುವನ್ನು ಬೇಕೆನ್ನುವವರು ಮಕ್ಕಳು, ಹಣ ಕೊಡುವವರು ಹಿರಿಯರು. ಇಬ್ಬರೂ ಒಂದೇ ಮಾತನ್ನು ಆಡದಿದ್ದರೆ ಲಾಭವಾಗುವುದು ಅಂಗಡಿಗೆ ಮಾತ್ರ.

ನಾನು ತುಮಕೂರಿನ ಪಾಲಿಟೆಕ್ನಿಕ್ ಒಂದರಲ್ಲಿ 28 ವರ್ಷಗಳಿಂದ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೇನೆ. ಹಾಗಿದ್ದೂ ಈ ವಿಷಯದಲ್ಲಿ ಒಂದು ದೊಡ್ಡ ತಪ್ಪು ಮಾಡಿದವನು. ಆ ತಪ್ಪನ್ನು ಹೇಳಿಯೇ ಮುಂದಕ್ಕೆ ಹೋಗುವುದು ನ್ಯಾಯ.

2021ರ ಮಾತು. ನನ್ನ ಮಗ ಪಿ.ಯು.ಸಿ. ಮುಗಿಸಿ ಇಂಜಿನಿಯರಿಂಗ್ ಸೇರಿದ. ಕೊರೋನಾದ ಕಾಲ, ಪಾಠವೆಲ್ಲ ಮನೆಯಿಂದಲೇ. ಲ್ಯಾಪ್‌ಟಾಪ್ ಇಲ್ಲದೆ ಆಗದು ಎನ್ನುವ ಸ್ಥಿತಿ. ಭವಿಷ್ಯನಿಧಿಯಿಂದ ಸ್ವಲ್ಪ ಹಣ ತೆಗೆದು, ಉಳಿತಾಯವನ್ನೂ ಸೇರಿಸಿ 72,000 ರೂಪಾಯಿ ಹೊಂದಿಸಿಕೊಂಡು ನಾನೊಬ್ಬನೇ ಅಂಗಡಿಗೆ ಹೋದೆ. ಮಗನನ್ನು ಕರೆದುಕೊಂಡು ಹೋಗಲಿಲ್ಲ. ಎಲೆಕ್ಟ್ರಾನಿಕ್ಸ್ ಕಲಿಸುವವನಿಗೆ ಯಾರು ಏನು ಹೇಳಬೇಕು ಎಂಬ ಹಮ್ಮು. ಅಂಗಡಿಯ ಹುಡುಗ, "ಸರ್, ಇದು ಐ7. ಇದರ ಮೇಲೆ ಇನ್ನೇನಿದೆ? ಆಟ, ಪಾಠ ಎರಡಕ್ಕೂ ಆಗುತ್ತೆ" ಎಂದ. ತೆಳ್ಳಗೆ, ಬೆಳ್ಳಗೆ, ನೋಡಲು ಚೆಂದವಾಗಿತ್ತು. ತಂದುಕೊಟ್ಟೆ. ಮಗ ತೆರೆದು ನೋಡಿ, "ಚೆನ್ನಾಗಿದೆ ಅಪ್ಪ" ಎಂದ.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಅವನ ಕೋಣೆಯಲ್ಲಿ ಬೆಳಕು ಕಂಡಿತು. ಪರದೆಯ ಮೇಲೆ ಕಾರು ಪಂದ್ಯ ನಡೆಯುತ್ತಿತ್ತು. ನಡೆಯುತ್ತಿತ್ತು ಎನ್ನುವುದಕ್ಕಿಂತ ತೆವಳುತ್ತಿತ್ತು ಎನ್ನಬೇಕು. ಚಿತ್ರ ಮಸುಕು ಮಸುಕು. ತಿರುವು ಬಂದಾಗಲೆಲ್ಲ ಕಾರು ಗಕ್ಕನೆ ನಿಂತು, ಮತ್ತೆ ಮುಂದೆಲ್ಲೋ ಕಾಣಿಸಿಕೊಳ್ಳುತ್ತಿತ್ತು.

"ಯಾಕೋ ಹೀಗೆ?" ಎಂದೆ.

"ಇದರಲ್ಲಿ ಗ್ರಾಫಿಕ್ಸ್ ಚಿಪ್ ಬೇರೆ ಇಲ್ಲ ಅಪ್ಪ. ಪರವಾಗಿಲ್ಲ ಬಿಡಿ."

"ಮೊದಲ ದಿನವೇ ಹೇಳಬಾರದಾಗಿತ್ತಾ? ಬದಲಾಯಿಸುತ್ತಿದ್ದೆನಲ್ಲ."

ಅವನು ಪರದೆಯಿಂದ ಕಣ್ಣು ತೆಗೆಯದೆ, "ನೀವು ಪಿ.ಎಫ್. ದುಡ್ಡು ತೆಗೆದಿದ್ದು ಅಮ್ಮ ಹೇಳಿದ್ದಳು" ಎಂದ.

ನಾನು ಸುಮ್ಮನೆ ಹೋಗಿ ಮಲಗಿದೆ, ನಿದ್ದೆ ಬರಲಿಲ್ಲ. ಅದೇ ಹಣಕ್ಕೆ, ಅದೇ ವರ್ಷ, ಜಿಟಿಎಕ್ಸ್ 1650 ಎಂಬ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇದ್ದ ಯಂತ್ರಗಳು ಸಿಗುತ್ತಿದ್ದವು ಎಂಬುದು ಮರುದಿನ ನನಗೆ ತಿಳಿಯಿತು. ಅವು ಸ್ವಲ್ಪ ದಪ್ಪಗಿದ್ದವು, ಅವುಗಳ ಮೇಲೆ "ಐ5" ಎಂದು ಬರೆದಿತ್ತು. ಅಷ್ಟೇ ಕಾರಣಕ್ಕೆ ನಾನು ಅವುಗಳತ್ತ ತಿರುಗಿಯೂ ನೋಡಿರಲಿಲ್ಲ. ಅಂದಿನಿಂದ ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ "ಸರ್, ಲ್ಯಾಪ್‌ಟಾಪ್ ಕೊಳ್ಳಬೇಕು" ಎಂದರೆ ಕುಳ್ಳಿರಿಸಿಕೊಂಡು ಮಾತನಾಡುತ್ತೇನೆ. ಇಂದು ನಿಮ್ಮೊಡನೆ ಆಡುವುದೂ ಅದೇ ಮಾತು.

ಮೊದಲಿಗೆ, ಆಟಕ್ಕೆ ಯಂತ್ರದಿಂದ ಏನು ಬೇಕು ಎಂದು ತಿಳಿಯೋಣ. ಇಂದಿನ ಸಾಮಾನ್ಯ ಲ್ಯಾಪ್‌ಟಾಪಿನ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಗುಣಿಸಿ ನೋಡಿ: 20,73,600 ಚುಕ್ಕೆಗಳು. ಆಟ ನುಣುಪಾಗಿ ಸಾಗಬೇಕಾದರೆ ಸೆಕೆಂಡಿಗೆ 60 ಚಿತ್ರಗಳಾದರೂ ಮೂಡಬೇಕು. ಅಂದರೆ ಒಂದೊಂದು ಸೆಕೆಂಡಿಗೂ ಹನ್ನೆರಡು ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಒಂದು ಚಿತ್ರಕ್ಕೆ ಸಿಗುವ ಕಾಲ ಸೆಕೆಂಡಿನ ಸಾವಿರದಲ್ಲಿ ಸುಮಾರು 17 ಭಾಗ ಮಾತ್ರ.

ಈ ಕೆಲಸವನ್ನು ಯಾರು ಮಾಡುತ್ತಾರೆ? ಮದುವೆ ಮನೆಯೊಂದನ್ನು ನೆನೆಸಿಕೊಳ್ಳಿ. ಅಡಿಗೆ ಮನೆಯಲ್ಲಿ ಆರೆಂಟು ಮಂದಿ ನುರಿತ ಭಟ್ಟರಿದ್ದಾರೆ. ಏನು ಮಾಡಬೇಕು, ಯಾವುದಕ್ಕೆ ಎಷ್ಟು ಉಪ್ಪು, ಯಾವುದು ಮೊದಲು ಎನ್ನುವುದೆಲ್ಲ ಅವರಿಗೆ ಗೊತ್ತು. ಇವರೇ ಪ್ರೊಸೆಸರ್, ಅಂದರೆ ಸಿಪಿಯು. ಆದರೆ 500 ಎಲೆ ಹಾಕಿ ಪಂಕ್ತಿ ಕೂರಿಸಿದಾಗ ಭಟ್ಟರೇ ಬಂದು ಬಡಿಸಲು ನಿಂತರೆ ಕೊನೆಯ ಎಲೆಗೆ ಅನ್ನ ಬರುವಷ್ಟರಲ್ಲಿ ಮೊದಲ ಎಲೆಯವರು ಕೈ ತೊಳೆದಿರುತ್ತಾರೆ. ಅಲ್ಲಿ ಬೇಕಾದದ್ದು ದೊಡ್ಡ ಪಾಂಡಿತ್ಯವಲ್ಲ. ಏಕಕಾಲಕ್ಕೆ ಬಡಿಸುವ ಬಹಳ ಕೈಗಳು. ಆ ಬಡಿಸುವವರ ತಂಡವೇ ಗ್ರಾಫಿಕ್ಸ್ ಚಿಪ್, ಅಂದರೆ ಜಿಪಿಯು. ಲ್ಯಾಪ್‌ಟಾಪಿಗೆ ಬರುವ ಆರ್‌ಟಿಎಕ್ಸ್ 4050 ಎಂಬ ಚಿಪ್ಪಿನಲ್ಲಿ ಇಂಥ 2,560 ಪುಟ್ಟ ಲೆಕ್ಕಿಗರಿದ್ದಾರೆ, 4060ರಲ್ಲಿ 3,072.

ಎಲ್ಲ ಲ್ಯಾಪ್‌ಟಾಪುಗಳಲ್ಲೂ ಯಾವುದೋ ಒಂದು ಬಗೆಯ ಗ್ರಾಫಿಕ್ಸ್ ಇದ್ದೇ ಇರುತ್ತದೆ. ಇಲ್ಲವಾದರೆ ಪರದೆಯೇ ಬೆಳಗದು. ಆದರೆ ಅಗ್ಗದ ಮತ್ತು ತೆಳುವಾದ ಯಂತ್ರಗಳಲ್ಲಿ ಅದು ಪ್ರೊಸೆಸರಿನ ಒಳಗೇ ಸೇರಿಕೊಂಡಿರುತ್ತದೆ. ಭಟ್ಟರ ಜೊತೆಗಿರುವ ಸಹಾಯಕರೇ ಬಡಿಸಲೂ ಬಂದಂತೆ. ನನ್ನ ಮಗನಿಗೆ ನಾನು ತಂದುಕೊಟ್ಟದ್ದು ಇದನ್ನು. ಆಟಕ್ಕಾಗಿ ಕೊಳ್ಳುವವರು ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ "ಐ5 ಇದೆಯೋ, ಐ7 ಇದೆಯೋ" ಎಂಬುದಲ್ಲ. "ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇದೆಯೇ? ಇದ್ದರೆ ಯಾವುದು? ಅದಕ್ಕೆ ಸ್ವಂತ ಮೆಮೊರಿ ಎಷ್ಟು?" ಎಂಬುದು.

ಈ ಸ್ವಂತ ಮೆಮೊರಿಯನ್ನು ಬಡಿಸುವವರ ಕೈಯಲ್ಲಿರುವ ಸಾರಿನ ಬಕೆಟ್ ಎಂದುಕೊಳ್ಳಿ. ಬಕೆಟ್ ಚಿಕ್ಕದಾದರೆ ನಾಲ್ಕು ಎಲೆಗೊಮ್ಮೆ ಅಡಿಗೆ ಮನೆಗೆ ಓಡಬೇಕು. ಪಂಕ್ತಿ ಅಲ್ಲಲ್ಲಿ ನಿಲ್ಲುತ್ತದೆ. ಆಟದಲ್ಲಿ ಚಿತ್ರ ಗಕ್ಕನೆ ನಿಂತು ಮುಂದೆ ಹೋಗುವುದಕ್ಕೆ ಒಂದು ಮುಖ್ಯ ಕಾರಣ ಇದೇ. 2021ರಲ್ಲಿ ಬಂದ ಆರ್‌ಟಿಎಕ್ಸ್ 3050 ಚಿಪ್ಪಿಗೆ ಮೊದಲು 4 ಜಿಬಿ ಇತ್ತು. ಆಮೇಲೆ ಅದೇ ಹೆಸರಿನಲ್ಲಿ 6 ಜಿಬಿಯದೂ ಬಂತು. 2023ರಲ್ಲಿ ಬಂದ 4050ಕ್ಕೆ 6 ಜಿಬಿ, 4060ಕ್ಕೆ 8 ಜಿಬಿ. 2025ರಲ್ಲಿ ಬಂದ 5050ಕ್ಕೂ 8 ಜಿಬಿ. ಹೆಸರು ಒಂದೇ ಆದರೂ ಬಕೆಟ್ಟಿನ ಅಳತೆ ಬೇರೆ ಇರಬಹುದು ಎಂಬುದನ್ನು ಗಮನಿಸಿ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಸಾಹಸದ ಆಟವೊಂದು ಕನಿಷ್ಠ 8 ಜಿಬಿ ಬೇಕೆಂದೇ ಷರತ್ತು ಹಾಕಿತು. ಆದ್ದರಿಂದ ಹೊಸದಾಗಿ ಕೊಳ್ಳುವವರು 4 ಜಿಬಿಗೆ ತೃಪ್ತರಾಗಬಾರದು; 6 ಜಿಬಿ ಸಾಧಾರಣ, 8 ಜಿಬಿ ಉತ್ತಮ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಗುಟ್ಟಿದೆ. ಇದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ಒಂದೇ ಹೆಸರಿನ ಚಿಪ್ಪು ಎರಡು ಲ್ಯಾಪ್‌ಟಾಪುಗಳಲ್ಲಿ ಎರಡು ರೀತಿ ಓಡುತ್ತದೆ. ಕಾರಣ, ಅದಕ್ಕೆ ಎಷ್ಟು ವಿದ್ಯುತ್ ಕೊಡಬೇಕೆಂದು ತೀರ್ಮಾನಿಸುವುದು ಲ್ಯಾಪ್‌ಟಾಪ್ ಮಾಡಿದ ಕಂಪನಿ. 4050 ಚಿಪ್ಪಿಗೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಕೊಡಬಹುದು. ತೆಳ್ಳಗಿನ ಯಂತ್ರದಲ್ಲಿ ಶಾಖ ಹೊರಹೋಗಲು ಜಾಗವಿಲ್ಲದ ಕಾರಣ ಕಡಿಮೆ ಕೊಡುತ್ತಾರೆ. ದಪ್ಪಗಿನದರಲ್ಲಿ ಹೆಚ್ಚು ಕೊಡುತ್ತಾರೆ. ಅರೆಹೊಟ್ಟೆ ಉಂಡವನೂ ಹೊಟ್ಟೆ ತುಂಬ ಉಂಡವನೂ ಒಂದೇ ಸಮ ಮೂಟೆ ಹೊತ್ತಾರೆಯೇ? ಕಂಪನಿಯ ವಿವರಪಟ್ಟಿಯಲ್ಲಿ "ಟಿಜಿಪಿ" ಎಂಬ ಮೂರಕ್ಷರದ ಪಕ್ಕದಲ್ಲಿ ಈ ವ್ಯಾಟ್ ಸಂಖ್ಯೆ ಇರುತ್ತದೆ. ಅದನ್ನು ತಪ್ಪದೆ ನೋಡಿ. ಎರಡು ಯಂತ್ರಗಳ ಬೆಲೆ ಹೆಚ್ಚು ಕಡಿಮೆ ಒಂದೇ ಆಗಿ, ಒಂದರಲ್ಲಿ 50, ಇನ್ನೊಂದರಲ್ಲಿ 95 ಎಂದಿದ್ದರೆ, ಯಾವುದನ್ನು ಆರಿಸಬೇಕೆಂದು ನಾನು ಹೇಳಬೇಕಾಗಿಲ್ಲ. ಹಾಗೆಯೇ, ಮೇಜಿನ ಮೇಲಿಡುವ ಕಂಪ್ಯೂಟರಿನ ಚಿಪ್ಪಿಗೂ ಲ್ಯಾಪ್‌ಟಾಪಿನ ಚಿಪ್ಪಿಗೂ ಹೆಸರು ಒಂದೇ ಇದ್ದರೂ ಒಳಗಿನ ಹೂರಣ ಬೇರೆ ಇರಬಹುದು. ಆರ್‌ಟಿಎಕ್ಸ್ 4070 ಮೇಜಿನ ಕಂಪ್ಯೂಟರಿಗಾದರೆ 12 ಜಿಬಿ, ಲ್ಯಾಪ್‌ಟಾಪಿಗಾದರೆ 8 ಜಿಬಿ.

ಪ್ರೊಸೆಸರ್ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಭಟ್ಟರು ನಿಧಾನವಾದರೆ ಬಡಿಸುವವರು ಕೈ ಕಟ್ಟಿ ನಿಲ್ಲಬೇಕಾಗುತ್ತದೆ. ಆದರೆ ಇಲ್ಲಿಯೂ ಐ5, ಐ7 ಎಂಬ ಮೊದಲಕ್ಷರಕ್ಕಿಂತ ಹೆಸರಿನ ಕೊನೆಯಲ್ಲಿರುವ ಅಕ್ಷರ ಹೆಚ್ಚು ಹೇಳುತ್ತದೆ. ಕೊನೆಯಲ್ಲಿ "ಎಚ್" ಇದ್ದರೆ ಅದು ಹೆಚ್ಚು ವಿದ್ಯುತ್ ಬಳಸಿ ಹೆಚ್ಚು ದುಡಿಯುವ ಜಾತಿ. "ಯು" ಇದ್ದರೆ ಬ್ಯಾಟರಿ ಉಳಿಸುವ ಜಾತಿ. ಐ5-12450 ಎಚ್ ಎನ್ನುವುದು 45 ವ್ಯಾಟ್‌ನ ಲೆಕ್ಕದಲ್ಲಿ ಮಾಡಿದ್ದು; ಐ7-1255 ಯು ಎನ್ನುವುದು 15 ವ್ಯಾಟ್‌ನ ಲೆಕ್ಕದ್ದು. ಹೆಸರಿನಲ್ಲಿ 7 ಇದ್ದರೂ ಆಟಕ್ಕೆ ಕುಳಿತಾಗ ಮೊದಲನೆಯದೇ ಮೇಲು.

ಮುಂದಿನದು ರ್‍ಯಾಮ್. ಇಂದಿನ ಆಟಗಳಿಗೆ 16 ಜಿಬಿ ಬೇಕು. ಅದು ಒಂದೇ ಪಟ್ಟಿಯಾಗಿರುವುದಕ್ಕಿಂತ 8 ಜಿಬಿಯ ಎರಡು ಪಟ್ಟಿಗಳಾಗಿದ್ದರೆ ಉತ್ತಮ. ಎರಡು ಬಾಗಿಲುಗಳಿಂದ ಓಡಾಡಿದ ಹಾಗೆ. ಹಣ ಸಾಲದಿದ್ದರೆ ಈಗ 8 ಜಿಬಿ ಇರುವುದನ್ನು ಕೊಂಡು ಮುಂದೆ ಸೇರಿಸಿಕೊಳ್ಳಬಹುದು. ಆದರೆ ಸೇರಿಸಲು ಖಾಲಿ ಜಾಗ ಇದೆಯೇ ಎಂದು ಮೊದಲೇ ಕೇಳಿ. ಕೆಲವು ಯಂತ್ರಗಳಲ್ಲಿ ರ್‍ಯಾಮನ್ನು ಬೆಸೆದೇ ಬಿಟ್ಟಿರುತ್ತಾರೆ. ಇನ್ನೊಂದು ಎಚ್ಚರಿಕೆ: ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳಿಂದ ಬೇಡಿಕೆ ಹೆಚ್ಚಿ, 2025ರ ಕೊನೆಯ ತಿಂಗಳುಗಳಲ್ಲಿ ಪ್ರಪಂಚದಾದ್ಯಂತ ರ್‍ಯಾಮ್ ಬೆಲೆ ಬಹಳ ಏರಿತು. ಆದ್ದರಿಂದ "ಆಮೇಲೆ ಹಾಕಿಸಿದರಾಯಿತು" ಎನ್ನುವ ಮುನ್ನ ಆ ದಿನದ ಬೆಲೆ ವಿಚಾರಿಸಿ ಕೂಡಿಸಿ ನೋಡಿ.

ಸಂಗ್ರಹಕ್ಕೆ ಎಸ್‌ಎಸ್‌ಡಿ ಇರಬೇಕು. 512 ಜಿಬಿಗಿಂತ ಕಡಿಮೆ ಬೇಡ. ಆಟಗಳು ಈಗ ಎಷ್ಟು ಜಾಗ ತಿನ್ನುತ್ತವೆ ಗೊತ್ತೇ? ಕೌಂಟರ್ ಸ್ಟ್ರೈಕ್ 2 ಆಟಕ್ಕೆ 85 ಜಿಬಿ, ಬಾಲ್ಡರ್ಸ್ ಗೇಟ್ 3 ಆಟಕ್ಕೆ 150 ಜಿಬಿ ಬೇಕೆಂದು ಅವುಗಳ ತಯಾರಕರೇ ಹೇಳಿದ್ದಾರೆ. ಎರಡು ಮೂರು ಆಟ ಹಾಕಿದರೆ ನಿಮ್ಮ ಪ್ರಾಜೆಕ್ಟ್ ಇಡಲು ಜಾಗವಿರುವುದಿಲ್ಲ. ಎರಡನೆಯ ಎಸ್‌ಎಸ್‌ಡಿ ಹಾಕಲು ಒಳಗೆ ಸ್ಥಳವಿರುವ ಯಂತ್ರವಾದರೆ ಮುಂದೆ ಅನುಕೂಲ.

ಪರದೆಯ ವಿಷಯದಲ್ಲಿ ಜಾಹೀರಾತುಗಳು "144 ಹರ್ಟ್ಸ್" ಎಂದು ದಪ್ಪಕ್ಷರದಲ್ಲಿ ಕೂಗುತ್ತವೆ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲ ಪರದೆ ಎಂದು ಅದರ ಅರ್ಥ. ಒಳ್ಳೆಯದೇ. ಆದರೆ ಒಳಗಿನ ಚಿಪ್ಪು 50 ಚಿತ್ರ ಮಾತ್ರ ಬರೆದುಕೊಟ್ಟರೆ ಪರದೆಯಾದರೂ ಏನು ಮಾಡೀತು? ಅದಕ್ಕಿಂತ, ಬಣ್ಣ ಹೇಗಿದೆ ನೋಡಿ. ವಿವರಪಟ್ಟಿಯಲ್ಲಿ "ಎನ್‌ಟಿಎಸ್‌ಸಿ ಶೇಕಡಾ 45" ಎಂದಿದ್ದರೆ ಅದು ಪೇಲವ ಬಣ್ಣದ ಪರದೆ. ಆಟಕ್ಕೆ ಹೇಗೋ ನಡೆಯುತ್ತದೆ. ಚಿತ್ರ ಬಿಡಿಸುವ, ವಿಡಿಯೋ ಸಂಕಲನ ಮಾಡುವ ಆಸೆ ಇರುವವರು ಅದನ್ನು ಬಿಡುವುದು ಒಳ್ಳೆಯದು.

ಇಷ್ಟು ಯಂತ್ರದ ಮಾತಾಯಿತು. ಇನ್ನು ನಿಮ್ಮ ಮಾತು. ನೀವು ಆಡುವುದು ಯಾವ ಆಟ? ಈ ಪ್ರಶ್ನೆಗೆ ಉತ್ತರ ಬರೆದುಕೊಳ್ಳದೆ ಅಂಗಡಿಯ ಮೆಟ್ಟಿಲು ಹತ್ತಬೇಡಿ. ನನ್ನ ವಿದ್ಯಾರ್ಥಿಯೊಬ್ಬ ಸಾಲ ಮಾಡಿಯಾದರೂ ಲಕ್ಷ ರೂಪಾಯಿಯದು ಬೇಕೆಂದು ಹಟ ಹಿಡಿದಿದ್ದ. ಏನು ಆಡುತ್ತೀಯಪ್ಪ ಎಂದರೆ, "ವ್ಯಾಲೊರೆಂಟ್ ಸರ್, ಸ್ನೇಹಿತರೆಲ್ಲ ಅದೇ ಆಡೋದು" ಎಂದ. 2020ರಲ್ಲಿ ಬಂದ ಈ ಆಟವನ್ನು ಹಳೆಯ, ಸಾಧಾರಣ ಯಂತ್ರಗಳಲ್ಲೂ ಓಡುವಂತೆ ಬೇಕೆಂದೇ ಹಗುರವಾಗಿ ಮಾಡಿದ್ದಾರೆ. ಅವನಿಗೆ ಬೇಕಾದದ್ದು ಲಕ್ಷದ ಅರ್ಧಕ್ಕೇ ಆಗುತ್ತಿತ್ತು. ಆದರೆ ದೊಡ್ಡ ದೊಡ್ಡ ಕಥೆಯ ಆಟಗಳು, ಬೆಳಕು ನೆರಳುಗಳನ್ನು ನಿಜದಂತೆ ತೋರುವ ಆಟಗಳು ಬೇಕೆನ್ನುವವರಿಗೆ ಆ ಹಣ ಸಾಲದು. ಪ್ರತಿಯೊಂದು ಆಟಕ್ಕೂ ತಯಾರಕರು ಕನಿಷ್ಠ ಅಗತ್ಯ, ಉತ್ತಮ ಅಗತ್ಯ ಎಂದು ಎರಡು ಪಟ್ಟಿ ಕೊಡುತ್ತಾರೆ. ನಿಮಗಿಷ್ಟವಾದ ಮೂರು ಆಟಗಳ ಎರಡನೆಯ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದೇ ನಿಮ್ಮ ಅಳತೆಗೋಲು.

ಈಗ ಹಣದ ವಿಚಾರ. 2024 ಮತ್ತು 2025ರಲ್ಲಿ ನಮ್ಮಲ್ಲಿ ಆರ್‌ಟಿಎಕ್ಸ್ 3050 ಇರುವ ಲ್ಯಾಪ್‌ಟಾಪುಗಳು ಸುಮಾರು 55ರಿಂದ 65 ಸಾವಿರಕ್ಕೂ, 4050 ಇರುವವು ಸುಮಾರು 70ರಿಂದ 85 ಸಾವಿರಕ್ಕೂ ಸಿಗುತ್ತಿದ್ದವು. ಈ ಬೆಲೆಗಳು ವರ್ಷ ವರ್ಷ ಬದಲಾಗುತ್ತವೆ. ನಿಮಗೆ ಒಂದು ಅಂದಾಜು ಇರಲೆಂದು ಹೇಳಿದೆ. ಬಿಲ್ಲಿನಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿರುತ್ತದೆ. 70,000 ರೂಪಾಯಿಯ ಯಂತ್ರದಲ್ಲಿ ಸುಮಾರು 10,700 ರೂಪಾಯಿ ತೆರಿಗೆ. "ಬಿಲ್ ಬೇಡ ಅಂದರೆ ಕಡಿಮೆಗೆ ಕೊಡ್ತೀನಿ" ಎನ್ನುವವರು ಸಿಗುತ್ತಾರೆ. ಅವರಿಗೆ ದೂರದಿಂದಲೇ ಕೈ ಮುಗಿಯಿರಿ. ಬಿಲ್ಲಿಲ್ಲದಿದ್ದರೆ ನಾಳೆ ವಾರಂಟಿ ಕೇಳುವುದೂ ಕಷ್ಟ, ಗ್ರಾಹಕರ ನ್ಯಾಯ ಕೇಳುವುದೂ ಕಷ್ಟ.

ಕಂತಿನ ಖರೀದಿಯ ಬಗ್ಗೆಯೂ ಒಂದು ಮಾತು. 70,000 ರೂಪಾಯಿಯನ್ನು ವರ್ಷಕ್ಕೆ ಶೇಕಡಾ 15ರ ಬಡ್ಡಿಯಲ್ಲಿ 12 ಕಂತಾಗಿ ತೀರಿಸುವುದಾದರೆ ತಿಂಗಳಿಗೆ ಸುಮಾರು 6,320 ರೂಪಾಯಿ ಆಗುತ್ತದೆ. ಕೊನೆಗೆ ಬಡ್ಡಿಯೇ ಸುಮಾರು 5,800. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಮತ್ತೆ ಜಿಎಸ್‌ಟಿ. "ಬಡ್ಡಿಯಿಲ್ಲದ ಕಂತು" ಎಂದು ಬರೆದಿದ್ದರೆ, ಪೂರ್ತಿ ಹಣ ಒಮ್ಮೆಲೇ ಕೊಡುವವರಿಗೆ ಏನು ರಿಯಾಯಿತಿ ಇದೆ ಎಂದು ಕೇಳಿ. ಆ ರಿಯಾಯಿತಿ ನಿಮಗೆ ಸಿಗದಿದ್ದರೆ, ಬಡ್ಡಿ ಅಲ್ಲಿಯೇ ಅಡಗಿದೆ ಎಂದು ತಿಳಿಯಿರಿ. ತಿಂಗಳಿಗೆ 6,320 ಎಂದರೆ ನಿಮ್ಮ ಮನೆಯಲ್ಲಿ ಯಾವ ಖರ್ಚಿಗೆ ಸಮ ಎಂದು ಒಮ್ಮೆ ಅಮ್ಮನನ್ನು ಕೇಳಿ ನೋಡಿ.

ಹೊಸದಕ್ಕೆ ಕೈ ಸಾಲದವರಿಗೆ ಎರಡು ದಾರಿಗಳಿವೆ. ಹಾಸ್ಟೆಲ್ಲಿಗೆ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲದವರು ಮೇಜಿನ ಮೇಲಿಡುವ ಕಂಪ್ಯೂಟರನ್ನು ಕಟ್ಟಿಸಿಕೊಳ್ಳಬಹುದು. ಅದೇ ಹಣಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ. ಮುಂದೆ ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಬದಲಿಸಲೂಬಹುದು. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಅದು ಸಾಧ್ಯವಿಲ್ಲ. ಎರಡನೆಯದು, ಬಳಸಿದ ಯಂತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವುಗಳ ಅಂಗಡಿಗಳು ಸಾಲುಸಾಲಾಗಿವೆ. ಇಲ್ಲಿ ಒಂದು ಅಂಶ ನೆನಪಿಡಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕೊಳ್ಳುವ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಒಗ್ಗುವಂಥದ್ದಾಗಿರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ತಲೆಮಾರಿಗಿಂತ ಹಳೆಯದು ಬೇಡ.

ಅಂಗಡಿಯಲ್ಲಿ ಏನು ಮಾಡಬೇಕು? ಹೇಳಿದ್ದನ್ನು ನಂಬಬೇಡಿ, ಪೆಟ್ಟಿಗೆಯ ಮೇಲೆ ಬರೆದದ್ದನ್ನೂ ಪೂರ್ತಿ ನಂಬಬೇಡಿ, ಯಂತ್ರವನ್ನೇ ಕೇಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಭಾಗಕ್ಕೆ ಹೋಗಿ. ಪ್ರೊಸೆಸರಿನ ಪೂರ್ತಿ ಹೆಸರು, ರ್‍ಯಾಮ್ ಎಷ್ಟು, ಎಷ್ಟು ಜಾಗಗಳಲ್ಲಿ ಕೂತಿದೆ, ಗ್ರಾಫಿಕ್ಸ್ ಚಿಪ್ಪಿನ ಹೆಸರು, ಅದರ ಮೆಮೊರಿ, ಎಲ್ಲವೂ ಅಲ್ಲಿಯೇ ಕಾಣುತ್ತದೆ. ಎರಡು ನಿಮಿಷದ ಕೆಲಸ. 2021ರಲ್ಲಿ ನಾನು ಈ ಎರಡು ನಿಮಿಷ ಖರ್ಚು ಮಾಡಿದ್ದರೆ ಸಾಕಾಗಿತ್ತು.

ಕಳೆದ ವರ್ಷ ದಾವಣಗೆರೆ ಕಡೆಯ ಹುಡುಗಿಯೊಬ್ಬಳು, ನಮ್ಮಲ್ಲಿ ಡಿಪ್ಲೊಮಾ ಓದುತ್ತಿರುವವಳು, ತಂದೆಯೊಡನೆ ಬೆಂಗಳೂರಿಗೆ ಹೋಗುವ ಹಿಂದಿನ ದಿನ ನನ್ನಲ್ಲಿಗೆ ಬಂದಿದ್ದಳು. ತಂದೆಗೆ ಮೆಕ್ಕೆಜೋಳದ ಹಣ ಬಂದಿತ್ತು. 65,000 ರೂಪಾಯಿಗೆ ಒಂದು ಪೈಸೆ ಮೇಲೆ ಹೋಗುವಂತಿರಲಿಲ್ಲ. ಅವಳ ಕೈಯಲ್ಲಿ ಒಂದು ಹಾಳೆಯಿತ್ತು. ಒಂದು ಕಡೆ ಅವಳು ಆಡುವ ಎರಡು ಆಟ. ಇನ್ನೊಂದು ಕಡೆ ಅವಳು ಕಲಿಯಬೇಕೆಂದಿದ್ದ ಬ್ಲೆಂಡರ್ ಎಂಬ ಉಚಿತ ಚಿತ್ರ ತಂತ್ರಾಂಶ. ಮೂರಕ್ಕೂ ಬೇಕಾದ ಅಗತ್ಯಗಳನ್ನು ಬರೆದಿದ್ದಳು. ನಾನು ಟಿಜಿಪಿ ಎಂಬ ಒಂದು ಸಾಲು ಸೇರಿಸಿದೆ, ಅಷ್ಟೆ. ಮೂರನೆಯ ಅಂಗಡಿಯಲ್ಲಿ, 6 ಜಿಬಿಯ 3050 ಚಿಪ್ಪಿನ, ಸ್ವಲ್ಪ ದಪ್ಪಗಿನ ಯಂತ್ರವೊಂದು 63,500ಕ್ಕೆ ಸಿಕ್ಕಿತಂತೆ. ಮೊದಲೆರಡು ಅಂಗಡಿಗಳಲ್ಲಿ ಅವಳು ಮೂರು ಕೀಲಿ ಒತ್ತಿ ನೋಡಿ, "ಬೇಡ ಅಪ್ಪಾಜಿ" ಎಂದು ಎದ್ದು ಬಂದಳಂತೆ. ಇದನ್ನು ನನಗೆ ಹೇಳಿದವರು ಅವಳ ತಂದೆ. ಅವರ ದನಿಯಲ್ಲಿ ಹೆಮ್ಮೆಯಿತ್ತು.

ಕೊಂಡ ಮೇಲೆ ಯಂತ್ರವನ್ನು ಜೋಪಾನ ಮಾಡುವುದೂ ಅಗತ್ಯ. ಆಟ ಆಡುವಾಗ ಪ್ರೊಸೆಸರ್ ಕೆಲವೊಮ್ಮೆ ನೀರು ಕುದಿಯುವ ಶಾಖದ ಹತ್ತಿರಕ್ಕೆ ಹೋಗುತ್ತದೆ. ಆಗ ಅದು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟು ಆಡಿದರೆ ಕೆಳಗಿನ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಮೇಜಿನ ಮೇಲಿಡಿ, ಹಿಂಬದಿಗೆ ಒಂದು ಪುಸ್ತಕದ ಎತ್ತರ ಕೊಡಿ. ನಮ್ಮ ಬಯಲುಸೀಮೆಯ ಧೂಳು ಫ್ಯಾನಿನಲ್ಲಿ ಕೂರದಂತೆ ಆಗಾಗ್ಗೆ ಶುಚಿ ಮಾಡಿಸಿ. ಬ್ಯಾಟರಿಯ ಮೇಲೆ ಆಡಿದರೆ ವೇಗವೂ ಇರುವುದಿಲ್ಲ, ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಚಾರ್ಜರ್ ಸಿಕ್ಕಿಸಿಕೊಂಡೇ ಆಡಿ. ಚಾರ್ಜರಿಗೆ ಸರಿಯಾದ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟನ್ನೇ ಬಳಸಿ.

ಕೊನೆಯದಾಗಿ, ಮನೆಯಲ್ಲಿ ಹೇಗೆ ಕೇಳಬೇಕು ಎಂಬುದು. ಆಟದ ಯಂತ್ರ ಓದಿಗೂ ಆಗುತ್ತದೆ ಎನ್ನುವುದು ಸುಳ್ಳಲ್ಲ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಮೂವರು, ಚಿತ್ರಗಳನ್ನು ಗುರುತಿಸಲು ಯಂತ್ರಕ್ಕೆ ಕಲಿಸಿ ಜಗತ್ತಿನ ಗಮನ ಸೆಳೆದದ್ದು ಜಿಟಿಎಕ್ಸ್ 580 ಎಂಬ ಎರಡು ಆಟದ ಕಾರ್ಡುಗಳಿಂದ. ಆ ಮೂವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಅವರಿಗೆ, ಯಂತ್ರಗಳ ಕಲಿಕೆಗೆ ಹಾಕಿದ ಬುನಾದಿಗಾಗಿ, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮ ಬೆಂಗಳೂರಿನಲ್ಲೇ 1997ರಲ್ಲಿ ಧ್ರುವ ಇಂಟರ್‌ಯಾಕ್ಟಿವ್ ಎಂಬ ಆಟ ತಯಾರಿಸುವ ಸಂಸ್ಥೆ ಹುಟ್ಟಿ, 2019ರಲ್ಲಿ ಜಗತ್ಪ್ರಸಿದ್ಧ ರಾಕ್‌ಸ್ಟಾರ್ ಕಂಪನಿಗೆ ಸೇರಿತು. ಆಟವನ್ನು ಆಡುವುದಷ್ಟೇ ಅಲ್ಲ, ಆಟ ಕಟ್ಟುವುದೂ ಒಂದು ವೃತ್ತಿ.

ಆದರೆ ಇವನ್ನೆಲ್ಲ ಅಪ್ಪನ ಮುಂದೆ ನೆಪವಾಗಿ ಬಳಸಬೇಡಿ. "ಕಾಲೇಜಿನಲ್ಲಿ ಇದೇ ಬೇಕು ಅಂದಿದ್ದಾರೆ" ಎಂದು ಸುಳ್ಳು ಹೇಳಿ ಕೊಂಡ ಯಂತ್ರದಲ್ಲಿ ಆಡುವಾಗ ಬಾಗಿಲು ಮುಚ್ಚಿಕೊಂಡೇ ಆಡಬೇಕಾಗುತ್ತದೆ. "ಅಪ್ಪ, ಓದಿಗೂ ಬೇಕು, ಆಡುವ ಆಸೆಯೂ ಇದೆ. ಬರೀ ಓದಿಗಾದರೆ ಇಷ್ಟು ಸಾಕು, ಆಟಕ್ಕೂ ಸೇರಿ ಇಷ್ಟಾಗುತ್ತದೆ. ನಿಮ್ಮ ಕೈಲಿ ಎಷ್ಟಾಗುತ್ತದೆ?" ಎಂದು ಕೇಳಿ. ಆಗುವುದಿಲ್ಲ ಎಂದರೆ ಇನ್ನೊಂದು ವರ್ಷ ಕಾಯಿರಿ. ಇಂದಿನ ಆಟಗಳು ಎಲ್ಲಿಯೂ ಓಡಿಹೋಗುವುದಿಲ್ಲ. ಹಿರಿಯರಿಗೂ ನನ್ನದೊಂದು ವಿನಂತಿ: ಕೊಡಿಸುವುದಾದರೆ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ನಮ್ಮ ಹಣದ ಮೇಲೆ ನಾವು ತಿಳಿದಿರುವುದಕ್ಕಿಂತ ಹೆಚ್ಚು ಕನಿಕರವೂ ಇರುತ್ತದೆ.

ನನ್ನ ಮಗ 2025ರಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ. ನಾಲ್ಕು ವರ್ಷವೂ ಅದೇ ತೆಳ್ಳಗಿನ ಯಂತ್ರದಲ್ಲಿ ಓದಿದ. ಮೊದಲ ಸಂಬಳಗಳನ್ನು ಕೂಡಿಸಿ ಹೊಸದೊಂದನ್ನು ಕೊಳ್ಳಲು ಹೊರಟಾಗ, "ಬನ್ನಿ ಅಪ್ಪ, ಹೋಗೋಣ" ಎಂದು ನನ್ನನ್ನೂ ಕರೆದ. ಅಂಗಡಿಯಲ್ಲಿ ನಾನೇ ಮುಂದೆ ಹೋಗಿ ಆ ಮೂರು ಕೀಲಿಗಳನ್ನು ಒತ್ತಿದೆ. ಹಳೆಯ ಯಂತ್ರ ಈಗ ನನ್ನ ಮೇಜಿನ ಮೇಲಿದೆ. ಈ ಭಾಷಣವನ್ನು ಬರೆದದ್ದು ಅದರಲ್ಲಿಯೇ.